ಬಾನೆಟ್ಟಿನೊಳಗಿನ ಬಾಣಂತಿ

ನನಗೆ ಚಳಿ ಅಷ್ಟಾಗಿ ಆಗುವುದಿಲ್ಲ; ಆಗುವುದು ನನ್ನ ಕಾರಿಗೆ. ಮಾಗಿಯ ಗಾಳಿ ಮಾಯಸಂದ್ರದ ತೆಂಗಿನ ತೋಟಗಳಿಗೆ ಇಳಿಯುತ್ತಿದ್ದಂತೆ ಸಂಜೆಯೇ ಬಾನೆಟ್ಟಿಗೆ ಹಳೆಯ ಕಂಬಳಿ ಹೊದಿಸುತ್ತೇನೆ. ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ, ಅದು ಬಿಸಿಯಾಗುವವರೆಗೆ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಲ್ಲುತ್ತೇನೆ. ಈಗಿನ ಗಾಡಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲವೆಂದು ಮೆಕ್ಯಾನಿಕ್ ಹೇಳಿದ್ದಾನೆ. ಇರಬಹುದು. ಆದರೆ ಹಾಸಿಗೆಯಿಂದ ಎದ್ದವನನ್ನು ಹಾಗೆಯೇ ಬೀದಿಗೆ ಓಡಿಸಿದರೆ ಅವನಾದರೂ ಕೆಮ್ಮುವುದಿಲ್ಲವೆ? ನನ್ನ ಹೆಂಡತಿ ಸಾವಿತ್ರಿ ಮಾತ್ರ, ತನಗೆ ಜ್ವರ ಬಂದಾಗಲೂ ಇವರು ಇಷ್ಟು ನಿಗಾ ಮಾಡಲಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಾಳೆ.

ಕಳೆದ ಮಾಘದಲ್ಲಿ ನನ್ನ ತಂಗಿಯ ಮಗ ಮಧುವಿನ ಮದುವೆ ಶೆಟ್ಟಿಕೆರೆಯ ಹುಡುಗಿಯೊಂದಿಗೆ ಗೊತ್ತಾಯಿತು. ಎಲ್ಲ ಶಾಸ್ತ್ರವೂ ಒಂದೇ ದಿನ, ಹೆಣ್ಣಿನ ಮನೆಯ ಮುಂದೆಯೇ ಚಪ್ಪರ. ಬೆಳಿಗ್ಗೆ ಬಸ್ಸು ತುಂಬ ನೆಂಟರು ಮುಂದೆ ಹೋದರು. ಮದುವೆಗಂಡನ್ನು ಕರೆದೊಯ್ಯುವ ಗೌರವ ನನ್ನ ಕಾರಿನದು. ಹಿಂದಿನ ಸಂಜೆ ತುರುವೇಕೆರೆಯಿಂದ ಹೂವು ತಂದು, ಬಿಸಿಯಾಗಿದ್ದ ಇಂಜಿನ್ನಿಗೆ ಕಂಬಳಿಯನ್ನು ಎರಡು ಮಡಿಕೆಯಾಗಿಯೇ ಹೊದಿಸಿದ್ದೆ.

ಮಧು ಪೇಟ ಸುತ್ತಿಕೊಂಡು ಹಿಂದೆ ಕೂತ. ಮದುವೆಯ ಗಡಿಬಿಡಿಯಲ್ಲಿ ಅಂದು ಬೆಳಗಿನ ಉಪಚಾರ ತಪ್ಪಿತ್ತು; ನಾನು ಕಂಬಳಿ ತೆಗೆದು ಬೀಗದ ಕೈ ಹಾಕಿದೆ. ತಿರುಗಿಸುವ ಮೊದಲೇ ಪುಟ್ಟತ್ತೆ ಬಾನೆಟ್ಟಿನ ಮೇಲೆ ಕೈಯೂರಿ ತಡೆದಳು. ನಮ್ಮ ಮನೆತನದ ಬಾಣಂತನಗಳೆಲ್ಲ ಈ ಸೋದರತ್ತೆಯ ಕೈಯಲ್ಲೇ ಆದದ್ದು.

"ತಡಿಯಪ್ಪ, ಒಳಗೇನೋ ಅಳ್ತೈತೆ."

ಬೆಲ್ಟಿನ ಸದ್ದಿರಬೇಕು ಎಂದೆ. ಇಂಜಿನ್ ಇನ್ನೂ ಶುರುವೇ ಆಗಿಲ್ಲವೆಂದು ಸಾವಿತ್ರಿ ನೆನಪಿಸಿದಳು. ಬಾನೆಟ್ ಎತ್ತಿದರೆ, ಬ್ಯಾಟರಿಯ ಪಕ್ಕದಲ್ಲಿ ನಮ್ಮ ಬೀದಿಯ ಕಂದು ಬೆಕ್ಕು. ಅದರ ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ಮೂರು ಮರಿ. ಟಿಕೆಟ್ ಇಲ್ಲದವನು ತನ್ನ ಸೀಟು ಕೇಳಲು ಬಂದನೆಂಬಂತೆ ಬೆಕ್ಕು ನನ್ನನ್ನು ನೋಡಿತು. ಬೀಗದ ಕೈ ತಿರುಗಿದ್ದರೆ ಏನಾಗುತ್ತಿತ್ತೆಂದು ನೆನೆದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಬುಟ್ಟಿಯಲ್ಲಿ ಎತ್ತಿಡೋಣವೆಂದೆ. ಪುಟ್ಟತ್ತೆ ಅಡ್ಡ ನಿಂತಳು.

"ಹಸಿ ಬಾಣಂತೀನ ಈ ಚಳೀಲಿ ಎತ್ತಾಕ್ತೀಯಾ? ಗಾಬರಿಬಿದ್ದು ಮರಿ ಬಿಟ್ಟು ಓಡೋದ್ರೆ ನೀನು ಹಾಲು ಕುಡಿಸ್ತೀಯಾ?"

ನನಗೆ ಆ ಸಾಮರ್ಥ್ಯವಿರಲಿಲ್ಲ. ಮುಹೂರ್ತ ಮೀರುತ್ತದೆಂದು ತಂಗಿ ಕಣ್ಣೀರು ಹಾಕಿದಳು. ಮಧು ಇಳಿದು ಬಂದು, ಮರಿಗಳನ್ನು ನೋಡಿ, ಪೇಟ ಸರಿಮಾಡಿಕೊಂಡು, "ಇರ್ಲಿ ಬುಡಿ ಮಾವ, ಬೇರೇನಾದ್ರೂ ಸಿಗ್ತದೆ," ಎಂದು ನೇರ ರಸ್ತೆಗೆ ನಡೆದ.

ಸಿಕ್ಕಿದ್ದು ತೆಂಗಿನಕಾಯಿ ತುಂಬಿದ್ದ ಲಗೇಜ್ ಆಟೋ. ಡ್ರೈವರ್ ಗಂಡನ್ನು ಪಕ್ಕದಲ್ಲಿ ಕೂರಿಸಿಕೊಂಡ. ನಾನು, ಸಾವಿತ್ರಿ, ತಂಗಿ ಕಾಯಿಗಳ ಮೇಲೆ ಆಸೀನರಾದೆವು. ಬಾಣಂತಿಯ ಹತ್ತಿರ ಯಾರಾದರೂ ಬೇಕೆಂದು ಪುಟ್ಟತ್ತೆ ಮದುವೆಯನ್ನೇ ಬಿಟ್ಟು ಉಳಿದಳು. ಕಾಯಿ ಉರುಳಿದಾಗಲೆಲ್ಲ ನಾವೂ ಉರುಳುತ್ತ, ರೇಷ್ಮೆ ಸೀರೆ ಪಂಚೆಗಳನ್ನು ಬಿಗಿಹಿಡಿದು, ಹಲ್ಲು ಕಟಕಟಿಸುತ್ತ ಶೆಟ್ಟಿಕೆರೆ ಸೇರಿದೆವು.

ಚಪ್ಪರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದವರು ಹೂವಿನ ಕಾರಿಗಾಗಿ ಕಾಯುತ್ತಿದ್ದರು. ನಮ್ಮನ್ನು ಕಂಡ ಒಬ್ಬ ಹಿರಿಯರು ಅಡುಗೆ ಮನೆ ಹಿಂದುಗಡೆ ಎಂದು ಕೈ ತೋರಿಸಿದರು. ಡ್ರೈವರ್ ವಿಧೇಯನಾಗಿ ಅಲ್ಲಿಗೇ ಹೋದ. ಅಡುಗೆಯವರು ಕಾಯಿ ಇಳಿಸಲು ಬಂದು ಮದುವೆಗಂಡನ್ನು ಇಳಿಸಿಕೊಂಡರು.

ಹೆಣ್ಣಿನ ತಂದೆಯ ಮುಖ ಗಂಟಾಯಿತು. ಗಂಡಿನವರು ತಮಾಷೆ ಮಾಡುತ್ತಿದ್ದಾರೆಂದು ಅವರಿಗೆ ಅನುಮಾನ. ನಾನು ಬೆಕ್ಕಿನ ವಿಷಯ ಹೇಳಿದಷ್ಟೂ ಅದು ಸುಳ್ಳಿನಂತೆಯೇ ಕೇಳಿಸುತ್ತಿತ್ತು. ಸುದ್ದಿ ಹೆಂಗಸರ ಬಾಯಿಂದ ಬಾಯಿಗೆ ಹಾರಿ ಒಳಕೋಣೆಗೂ ಹೋಯಿತು.

ಮುಹೂರ್ತದಲ್ಲಿ ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಹಿಡಿದ ಹುಡುಗಿ ತಲೆಯೆತ್ತಿ ಗಂಡನ್ನು ನೋಡಿದಳು.

"ಎಷ್ಟು ಮರಿ?" ಎಂದಳು.

"ಮೂರು."

"ತಾಯಿ ಹುಷಾರಾಗೈತಾ?"

"ಪುಟ್ಟಜ್ಜಿ ನೋಡ್ಕೊಳ್ತಾವ್ರೆ."

ಅವಳು ಎರಡು ಕೈಯಲ್ಲೂ ಬಾಚಿ ಜೀರಿಗೆ ಬೆಲ್ಲವನ್ನು ಅವನ ಪೇಟದ ಮೇಲೆ ಸುರಿದಳು. ಪಕ್ಕದಲ್ಲಿದ್ದ ಅವಳ ತಂದೆ ನಕ್ಕುಬಿಟ್ಟರು. ನಾನೂ ಸಾವಿತ್ರಿಯೂ ಮೊದಲ ಮಾತಾಡಲು ಮದುವೆಯಾಗಿ ವಾರ ಹಿಡಿದಿತ್ತು. ಅದೂ ಟವೆಲ್ ಎಲ್ಲಿದೆಯೆಂಬ ಬಗ್ಗೆ. ಇವರಿಬ್ಬರು ಕೊರಳಿಗೆ ತಾಳಿ ಬೀಳುವ ಮೊದಲೇ ಸಂಸಾರ ಶುರು ಮಾಡಿದ್ದರು.