ಟ್ರಾಲಿ ಮೇಸ್ತ್ರಿಯ ಸೈಕಲ್ ಕೊಂಡಿ

ಸುಟ್ಟ ರಬ್ಬರಿನ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕಾರು ನಿಲ್ಲಿಸಿ, ಇಳಿದು, ಹಿಂದಕ್ಕೆ ಹೋಗಿ ನೋಡುತ್ತೇನೆ. ಹೋದ ಭಾನುವಾರ ಬಳ್ಳಾರಿಯ ಕಂಟೋನ್ಮೆಂಟ್ ದಾಟುವಾಗ ಆ ವಾಸನೆ ಬಂತು. ಕಾರಿನ ಬೆನ್ನಿಗೆ ಕಟ್ಟಿದ ಮೂರು ಸೈಕಲ್ಲುಗಳೂ ನೆಟ್ಟಗಿದ್ದವು. ರಸ್ತೆ ಬದಿಯಲ್ಲಿ ಯಾರೋ ಹಳೇ ಟೈರಿಗೆ ಬೆಂಕಿ ಹಚ್ಚಿದ್ದರು, ಅಷ್ಟೆ. ಆದರೂ ಕೈ ತಾನಾಗಿ ಸೈಕಲ್ ಹೊತ್ತ ಕಬ್ಬಿಣದ ಸ್ಟ್ಯಾಂಡಿನ ಬುಡಕ್ಕೆ ಹೋಗಿ ಅಲ್ಲಿನ ದಪ್ಪ ಬೆಸುಗೆಯನ್ನು ಸವರಿತು. ಆ ಬೆಸುಗೆ ಹಾಕಿದವರು ಹೋಗಿ ಎರಡು ವರ್ಷವಾಯಿತು...

ಊರಿಗೆಲ್ಲ ಅವರು ಟ್ರಾಲಿ ಮೇಸ್ತ್ರಿ. ಕುರುಗೋಡಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರಾಲಿಗಳನ್ನು ಮಾಡುತ್ತಿದ್ದರು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ದಿನಾ ಹೋಗಿ ಬರುವಾಗ ಅವರ ಶೆಡ್ಡು ಕಾಣುತ್ತಿತ್ತು. ಭತ್ತ ಹೇರುವ ಟ್ರಾಲಿಯಾದರೂ ಅದರ ಹಲಗೆಯ ಸುತ್ತ ಕೆಂಪು ಹೂಬಳ್ಳಿ ಬರೆಯದೆ ಅವರು ಹೊರಗೆ ಬಿಡುತ್ತಿರಲಿಲ್ಲ. ಶೆಡ್ಡಿನ ಗೋಡೆಯ ಮೇಲೆ ಬುದ್ಧನ ಒಂದು ಚಿತ್ರವಿತ್ತು. ಹೊಸ ಟ್ರಾಲಿಗೆ ನಿಂಬೆಹಣ್ಣು ಇಡುವುದು, ಕುಂಬಳಕಾಯಿ ಒಡೆಯುವುದು ಕೊಂಡವರ ಖುಷಿ. ಮೇಸ್ತ್ರಿ ಅದಕ್ಕೆ ಬೇಡವೆನ್ನುತ್ತಿರಲಿಲ್ಲ, ಆ ಹೊತ್ತಿನಲ್ಲಿ ತಾವು ಪಾನಾ ಹಿಡಿದು ಇನ್ನೊಮ್ಮೆ ನಟ್ಟು ಬಿಗಿ ಮಾಡುತ್ತಿದ್ದರು.

ಆಗ ನನ್ನ ಮಗಳು ಒಂಬತ್ತನೇ ತರಗತಿ. ಸೈಕಲ್ ರೇಸಿನ ಹುಚ್ಚು ಹತ್ತಿತ್ತು. ಅವಳ ಅಪ್ಪ ಕೊಡಿಸಿದ ರೇಸಿಂಗ್ ಸೈಕಲ್ಲೂ ಇತ್ತು. ಆ ವರ್ಷ ಜಿಲ್ಲಾ ತಂಡದ ಆಯ್ಕೆ ಸಿರುಗುಪ್ಪದಲ್ಲಿ. ಹುಡುಗಿ ತಯಾರು, ಸೈಕಲ್ ಅಲ್ಲಿಗೆ ಮುಟ್ಟುವುದೇ ಕಷ್ಟ. ಬಸ್ಸಿನವರು ಏರಿಸಿಕೊಳ್ಳಲಿಲ್ಲ. ನಮ್ಮ ಸಣ್ಣ ಕಾರಿನೊಳಗೆ ಹಿಡಿಸಲಿಲ್ಲ. ಒಮ್ಮೆ ಕಾರಿನ ತಲೆಯ ಮೇಲೆ ಕಟ್ಟಿ, ಅದರ ಛಾವಣಿಯೇ ತಗ್ಗು ಬಿದ್ದು, ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿತ್ತು.

ಮನೆಯ ಹಿರಿಯರು ನಮ್ಮ ಭಾವ, ಯಜಮಾನರ ಅಣ್ಣ. ಹಣೆಗೆ ಮೂರು ಬೆರಳು ವಿಭೂತಿ, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಪಂಚೆ, ಯಾವ ವಿಷಯಕ್ಕೂ ಒಂದು ತೀರ್ಪು. ವಯಸ್ಸಿಗೆ ಬಂದ ಹುಡುಗಿ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಸೈಕಲ್ ತುಳಿಯುವುದು ಅವರಿಗೆ ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕ ಮುಳ್ಳು. ಅವತ್ತು ಊಟಕ್ಕೆ ಕೂತಾಗ ಹೇಳಿಯೇಬಿಟ್ಟರು.

"ಸೈಕಲ್ ಸಿರುಗುಪ್ಪ ಮುಟ್ಟಿದ್ರ ತುಳೀಲಿ. ಮುಟ್ಟಲಿಲ್ಲ ಅಂದ್ರ ಇಲ್ಲಿಗೆ ಸಾಕು. ಸೈಕಲ್ ಮಾರಿಬಿಡೂದು."

ನಮ್ಮ ಯಜಮಾನರು ಇಂಥ ಹೊತ್ತಿನಲ್ಲಿ ಸಾರಿನ ರುಚಿ ನೋಡುವವರು. ಮಗಳು ನನ್ನ ಮುಖ ನೋಡಿದಳು. ಆಗಲಿ, ಮುಟ್ಟಿಸಿ ತೋರಿಸ್ತೀನಿ, ಎಂದೆ.

ಕಾರಿನ ಹಿಂಭಾಗಕ್ಕೆ ಕೊಂಡಿ ಕೂರಿಸಿ, ಅದರೊಳಗೆ ಸ್ಟ್ಯಾಂಡು ತೂರಿಸಿ ಸೈಕಲ್ ಒಯ್ಯುವುದನ್ನು ಫೋನಿನಲ್ಲಿ ನೋಡಿದ್ದೆ. ಬಳ್ಳಾರಿಯ ಇಬ್ಬರು ವೆಲ್ಡಿಂಗಿನವರಿಗೆ ತೋರಿಸಿದೆ. ಒಬ್ಬ ನಕ್ಕ. ಇನ್ನೊಬ್ಬ, ಸಾರನ್ನ ಕಳಸ್ರಿ ಮಾತಾಡೋಣು, ಅಂದ. ಸಾರು ಬಂದು ಏನು ಮಾಡುತ್ತಾರೆ ಎಂದು ಅವನಿಗೆ ನಾನು ಹೇಳಲಿಲ್ಲ. ಮರುದಿನ ಸಾಲೆ ಬಿಟ್ಟ ಮೇಲೆ ಕುರುಗೋಡಿನ ಶೆಡ್ಡಿಗೆ ಹೋದೆ. ಮೇಸ್ತ್ರಿ ಚಿತ್ರ ನೋಡಿ, ಕಾರಿನ ಕೆಳಗೆ ಮಲಗಿ ನೋಡಿ, ಎದ್ದು ಬೆನ್ನಿನ ಮಣ್ಣು ಕೊಡವಿದರು.

"ಇದೇನ್ರಿ ಟೀಚರ್, ಸಣ್ಣ ಟ್ರಾಲಿ. ಗಾಲಿ ಇಲ್ಲ, ಅಷ್ಟ."

ನಾಲ್ಕು ದಿನದಲ್ಲಿ ಮುಗಿಸಿದರು. ಕಾರಿನ ಅಡಿಯ ಚಾಸಿಗೆ ಬಿಗಿದ ಕೊಂಡಿ, ಅದರೊಳಗೆ ತೂರುವ ಚೌಕ ಪೈಪು, ಅಡ್ಡಡ್ಡ ಒಂದು ಪಿನ್ನು, ಸೈಕಲ್ಲಿಗೆ ಗೀರು ಬೀಳದಂತೆ ಸ್ಟ್ಯಾಂಡಿನ ತೋಳುಗಳಿಗೆ ಕಂಬಳಿಯ ಸುತ್ತು. ಸೈಕಲ್ ಅಡ್ಡ ಬಂದರೆ ಕಾರಿನ ನಂಬರು ಕಾಣುವುದಿಲ್ಲವೆಂದು ಅದರ ಹಿಂದೆ ಇನ್ನೊಂದು ನಂಬರ್ ಪ್ಲೇಟು, ಕೆಂಪು ದೀಪ. ಕೊನೆಗೆ ನೀಲಿ ಬಣ್ಣ ಬಳಿದು, ರೂಢಿಯಂತೆ, ಕೆಂಪು ಹೂಬಳ್ಳಿ. ಮನೆ ಮುಂದೆ ನಿಲ್ಲಿಸಿದಾಗ ಭಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಭತ್ತ ಹೇರಾಕ ಹೊಂಟೀರೇನು?" ಎಂದರು. ನನಗೆ ಆ ಬಳ್ಳಿ ಬಹಳ ಇಷ್ಟವಾಗಿತ್ತು, ಈಗಲೂ ಇಷ್ಟ.

ಆಯ್ಕೆಯ ದಿನ ಬೆಳಿಗ್ಗೆ ಹೊರಟೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಮಗಳು. ತೀರ್ಪು ಕೊಟ್ಟವರು ಸಾಕ್ಷಿಗೂ ಇರಬೇಕಲ್ಲ, ಹಿಂದಿನ ಸೀಟಿನಲ್ಲಿ ಭಾವ. ಮೇಸ್ತ್ರಿ ಕುರುಗೋಡಿನ ಮೇಲೆ ಹಾದು ಹೋಗಲು ಹೇಳಿದ್ದರು. ಹೊಸ ಟ್ರಾಲಿ ಮೊದಲ ಸಲ ಭಾರ ಹೊತ್ತು ಸ್ವಲ್ಪ ದೂರ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು ಎಂಬುದು ಅವರ ಕಟ್ಟಳೆ. ಶೆಡ್ಡಿನ ಮುಂದೆ ನಿಲ್ಲಿಸಿದಾಗ, ಏನೋ ಸುಟ್ಟ ವಾಸನೆ ಬರುತ್ತಿದೆ ಎಂದೆ. ಅವರು ನಟ್ಟು ತಿರುವುತ್ತಲೇ, "ಹೊಸಾ ಬಣ್ಣ ರೀ, ಬಿಸಿ ಆದ್ರ ನಾರ್ತೈತಿ" ಎಂದರು. ಲೆಕ್ಕದ ಟೀಚರಾದ ನಾನೂ ಒಪ್ಪಿದೆ.

ಬಾದನಹಟ್ಟಿ ಬಿಟ್ಟು ಸ್ವಲ್ಪ ಮುಂದೆ ಹೋಗಿದ್ದೇವೆ, ಹಿಂದೆ ಢಬ್ಬೆಂದಿತು. ಕಾಲುವೆ ದಂಡೆಯ ಪಕ್ಕ ನಿಲ್ಲಿಸಿ ನೋಡಿದರೆ ಸೈಕಲ್ಲಿನ ಮುಂದಿನ ಟೈರು ಒಂದು ಕಡೆ ಬೆಲ್ಲದಂತೆ ಕರಗಿ, ಒಳಗಿನ ಟ್ಯೂಬು ಒಡೆದಿತ್ತು. ಆ ಗಾಲಿ ನೇರ ಕಾರಿನ ಸೈಲೆನ್ಸರಿನ ಬಾಯಿಗೇ ಬಂದು ಕೂತಿತ್ತು. ಮಗಳು ಅಳಲಿಲ್ಲ. ಸುಟ್ಟ ಜಾಗ ಮುಟ್ಟಿ, ಬೆರಳು ಚುರುಕ್ಕೆಂದು ಹಿಂದಕ್ಕೆಳೆದುಕೊಂಡಳು.

ಫೋನು ಮಾಡಿದೆ. ಮೇಸ್ತ್ರಿ ತಮ್ಮ ಮೊಪೆಡ್ಡಿನ ಮೇಲೆ, ಹ್ಯಾಂಡಲಿಗೆ ಚೀಲ ಸಿಕ್ಕಿಸಿಕೊಂಡು ಬಂದರು. ಅವರು ಇನ್ನೂ ಇಳಿಯುತ್ತಿದ್ದರು, ಭಾವ ಅವರಿಗೆ ಕೇಳುವಂತೆಯೇ ನನಗೆ ಹೇಳಿದರು: "ನಿಂಬಿಹಣ್ಣಿಲ್ಲ, ಕಾಯಿಲ್ಲ. ಆ ಕೇರಿಯವನ ಕೈಯಾಗ ಮಾಡಿಸಿದ್ರ ಇನ್ನೇನಾಗ್ತೈತಿ?"

ಮೇಸ್ತ್ರಿ ಚೀಲ ಕೆಳಗಿಟ್ಟರು. ಮೊಣಕಾಲೂರಿ ಸೈಲೆನ್ಸರ್ ನೋಡಿದರು, ಟೈರು ನೋಡಿದರು, ಹಣೆ ಚಚ್ಚಿಕೊಂಡರು.

"ಟ್ರ್ಯಾಕ್ಟರ್ ಹೊಗಿ ಮ್ಯಾಲ ಹೋಗ್ತೈತಿ ಟೀಚರ್. ಹುಟ್ಟಿದಾಗಿಂದ ಅದನ್ನ ನೋಡ್ಕೋಂತ ಬಂದೀನಿ. ಕಾರಿನ ಹೊಗಿ ಕೆಳಗ ಹಿಂದಕ್ಕ ಬರ್ತೈತಿ ಅನ್ನೂದು ತಲಿಗೇ ಹೊಳೀಲಿಲ್ಲ." ಆಮೇಲೆ ಎದ್ದು, ಭಾವನ ಕಡೆ ತಿರುಗಿ, ಸಾವಕಾಶ ಹೇಳಿದರು: "ತಪ್ಪು ನಂದು ರೀ. ನಮ್ಮ ಕೇರಿದಲ್ಲ. ನಿಂಬಿಹಣ್ಣು ಇಟ್ಟಿದ್ರ ಅದೂ ಬೇಯ್ತಿತ್ತು."

ಅಷ್ಟು ನೆಟ್ಟಗೆ ನಿಂತು ತಪ್ಪೊಪ್ಪಿಕೊಂಡವರನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಭಾವ ಕಾಲುವೆಯ ನೀರು ನೋಡುತ್ತ ನಿಂತರು.

ಮೇಸ್ತ್ರಿ ಗಾಲಿ ಬಿಚ್ಚಿದರು. ಒಡೆದ ಟ್ಯೂಬಿಗೆ ದೊಡ್ಡ ತೇಪೆ ಹಾಕಿದರು. ಟ್ರ್ಯಾಕ್ಟರ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಸುಟ್ಟ ಟೈರಿನ ಒಳಮೈಗೆ ಇಟ್ಟು, ಗಾಳಿ ತುಂಬಿ, ಕಿವಿಗೆ ಹಿಡಿದು ಕೇಳಿದರು. ನಿಂತಿತು. ಗಾಲಿಯನ್ನು ಮತ್ತೆ ಸೈಲೆನ್ಸರಿನ ಬಾಯಿಗೆ ಇಡುವಂತಿರಲಿಲ್ಲ. ನಾನು ಅದನ್ನು ಒಯ್ದು, ಹಿಂದಿನ ಸೀಟಿಗೆ ಬಂದು ಕೂತ ಭಾವನ ಬಿಳಿ ಪಂಚೆಯ ಮೇಲೆ, ತೊಡೆಗೆ ಇಟ್ಟೆ. "ಹಿಡೀರಿ. ಸಿರುಗುಪ್ಪ ಮುಟ್ಟಬೇಕಲ್ಲ" ಎಂದೆ. ಹಿಡಿದುಕೊಂಡರು. ಪಂಚೆಯ ಮೇಲೆ ಬಿದ್ದ ಕರಿ ಗುರುತು ಎಷ್ಟು ಒಗೆದರೂ ಹೋಗಲಿಲ್ಲ ಎಂದು ಭಾವನ ಹೆಂಡತಿ, ನಮ್ಮ ಅಕ್ಕ, ಆಮೇಲೆ ವರದಿ ಕೊಟ್ಟಳು. ನನಗೆ ಒಳಗೊಳಗೆ ಹಾಲು ಕುಡಿದಷ್ಟು ಸಂತೋಷ.

ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮೇಸ್ತ್ರಿಯ ಹತ್ತಿರ ಕ್ಷಮೆ ಕೇಳಿ ಎಂದು ಅಲ್ಲಿಯೇ ಭಾವನಿಗೆ ಹೇಳಬೇಕಾಗಿತ್ತು, ನಾನು ಹೇಳಲಿಲ್ಲ. ಹೊತ್ತಾಗುತ್ತದೆ ಎಂಬ ನೆಪ ಇತ್ತು...

ಮಗಳು ತೇಪೆಯ ಗಾಲಿಯ ಮೇಲೆ, ಒಂದೊಂದು ಸುತ್ತಿಗೂ ದಡಕ್ ದಡಕ್ ಅನ್ನಿಸಿಕೊಂಡು, ನಾಲ್ಕನೆಯವಳಾಗಿ ಬಂದಳು. ತಂಡಕ್ಕೆ ಮೂವರನ್ನೇ ಆರಿಸಿದರು. ನಾಲ್ಕನೇದಕ್ಕ ಇಷ್ಟೆಲ್ಲ ಬೇಕಿತ್ತೇನು, ಎಂದರು ಭಾವ. ಮಗಳು ಬೆವರು ಒರೆಸಿಕೊಳ್ಳುತ್ತ, "ಸೈಕಲ್ ಮುಟ್ಟೇತಲ್ಲ, ದೊಡ್ಡಪ್ಪ" ಎಂದಳು. ಸೈಕಲ್ ಮಾರುವ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಅವಳು ತಂಡದಲ್ಲಿದ್ದಳು.

ಮರುದಿನವೇ ಮೇಸ್ತ್ರಿ ಸ್ಟ್ಯಾಂಡಿನ ಬುಡ ಕತ್ತರಿಸಿ, ಒಂದು ಗೇಣು ಎತ್ತರಿಸಿ ಮತ್ತೆ ಬೆಸೆದರು. ಬೆಸುಗೆ ಉಬ್ಬಿಕೊಂಡು ಕಾಣುತ್ತಿತ್ತು. ಉಜ್ಜಿ ನುಣುಪು ಮಾಡುವುದಿಲ್ಲವೇ ಎಂದು ಕೇಳಿದೆ. "ಇರ್ಲಿ ಬಿಡ್ರಿ, ತಪ್ಪು ಕಣ್ಣಿಗೆ ಕಾಣ್ತಿರಬೇಕು" ಎಂದರು. ಅದರ ಮೇಲೆ ಬಣ್ಣ ಬಳಿದರು, ಬಳ್ಳಿ ಮಾತ್ರ ಬರೆಯಲಿಲ್ಲ. ಆಮೇಲೆ ಕಾರು ಶುರು ಮಾಡಿಸಿ, ಹಿಂದೆ ಕೂತು, ಅಂಗೈ ಒಡ್ಡಿ ಹೊಗೆ ಎಲ್ಲಿ ತಗಲುತ್ತದೆ ಎಂದು ಬಹಳ ಹೊತ್ತು ನೋಡಿದರು.

ಈಗ ಭಾನುವಾರಗಳಲ್ಲಿ ನಾನು ಓಣಿಯ ಹುಡುಗಿಯರ ಸೈಕಲ್ ಹೇರಿಕೊಂಡು, ವಾಹನ ಕಡಿಮೆ ಇರುವ ಸಿರುಗುಪ್ಪದ ಕಡೆಯ ರಸ್ತೆಗೆ ಒಯ್ಯುತ್ತೇನೆ. ಪೇಟೆಯಲ್ಲಿ ಹೊಳೆಯುವ ಕಂಪನಿ ಸ್ಟ್ಯಾಂಡುಗಳು ಬಂದಿವೆ. ಇದನ್ನು ಗುಜರಿಗೆ ಹಾಕು ಎಂದವರಿಗೆ ಲೆಕ್ಕವಿಲ್ಲ. ನಾನು ಹಾಕುವುದಿಲ್ಲ. ಮೇಸ್ತ್ರಿ ತೀರಿಕೊಂಡರೆಂದು ಕೇಳಿ ಕುರುಗೋಡಿಗೆ ಹೋದಾಗ ಶೆಡ್ಡಿನ ಮುಂದೆ ಒಂದು ಟ್ರಾಲಿ ನಿಂತಿತ್ತು. ಅದರ ಹಲಗೆಯ ಮೇಲಿನ ಹೂಬಳ್ಳಿ ಅರ್ಧಕ್ಕೇ ನಿಂತಿತ್ತು... ನಾನು ಅಲ್ಲಿಯೇ ಅತ್ತೆ.

ಹೋದ ಭಾನುವಾರ ಹೊರಡುವ ಹೊತ್ತಿಗೆ ಭಾವ ಒಂದು ಹೊಸ ಸೈಕಲ್ ತಳ್ಳಿಕೊಂಡು ಬಂದರು. ಜೊತೆಗೆ ಅವರ ಮೊಮ್ಮಗಳು. ಇದಕ್ಕೂ ಜಾಗ ಐತೇನು, ಎಂದು ಕೇಳಿದರು.

"ಐತಿ," ಎಂದೆ. "ಆದ್ರ ಈ ಬೆಸುಗಿ ಯಾಕ ಇಷ್ಟು ದಪ್ಪ ಐತಿ ಅಂತ ಹುಡುಗಿಗೆ ನೀವ ಹೇಳಿ ಏರಿಸ್ರಿ."

ಭಾವ ಹ್ಯಾಂಡಲ್ ಒರೆಸಿದರು, ಸೀಟು ಒರೆಸಿದರು. ಕಡೆಗೆ ಮೊಮ್ಮಗಳಿಗೆ ಹೇಳಿದರು: "ಕುರುಗೋಡಿನ ಮೇಸ್ತ್ರಿ ಮಾಡಿದ್ರು ಇದನ್ನ. ಟೈರ್ ಸುಟ್ಟಿತ್ತು. ತಪ್ಪು ನಂದು ಅಂತ ಎದುರಿಗೇ ಹೇಳಿ, ತಿದ್ದಿ ಕೊಟ್ರು."

"ನೀ ಏನ್ ಮಾಡ್ದಿ ಅಜ್ಜಾ?"

"ನಾನು ಗಾಲಿ ಹಿಡ್ಕೊಂಡು ಕುಂತಿದ್ದೆ."

ಅಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಮೇಸ್ತ್ರಿ ಎಂಬ ಮಾತು ಬಂದದ್ದು ಅದೇ ಮೊದಲು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಆ ಮಾತನ್ನು ಬಾದನಹಟ್ಟಿಯ ಕಾಲುವೆ ದಂಡೆಯ ಮೇಲೆ ಆಡಬೇಕಿತ್ತು, ಕೇಳಬೇಕಾದವರು ಈಗಿಲ್ಲ. ನಾನು ಪಿನ್ನು ತೂರಿಸಿ, ಕಾರು ಶುರು ಮಾಡಿ, ಹಿಂದಕ್ಕೆ ಹೋಗಿ ಕೂತು, ಅಂಗೈ ಒಡ್ಡಿ ಹೊಗೆ ಯಾವ ಕಡೆ ಬರುತ್ತದೆ ಎಂದು ನೋಡಿದೆ.