ಎದ್ದು ನಿಲ್ಲದ ಸಂಗೀತ

ಕುರ್ಚಿ ರಾಕ್ ಎಂಬ ಸಂಗೀತವನ್ನು ಈಗ ಬೇರೆ ಊರುಗಳಲ್ಲೂ ನುಡಿಸುತ್ತಾರೆ. ನುಡಿಸುವವರು ಕೂತಿರುತ್ತಾರೆ, ಕೇಳುವವರೂ ಕೂತಿರುತ್ತಾರೆ, ಕಟ್ಟಡ ಮಾತ್ರ ನಡುಗುತ್ತದೆ. ಇದರ ಹಿಂದೆ ಆಳವಾದ ಚಿಂತನೆಯೊಂದು ಇದೆ ಎಂದು ಪತ್ರಿಕೆಯಲ್ಲಿ ಒಬ್ಬರು ಬರೆದಿದ್ದರು. ನನಗೆ ತಿಳಿದ ಮಟ್ಟಿಗೆ, ಇದರ ಹಿಂದೆ ಇದ್ದವರು ನಮ್ಮ ಊರಿನ ಸಭಾಂಗಣದ ಕಾವಲುಗಾರರು.

ಊರಿನ ಮಕ್ಕಳು ಅವರನ್ನು ಕುರ್ಚಿ ಮಾವ ಎನ್ನುತ್ತಿದ್ದರು. ಆ ಮಕ್ಕಳಿಗೆ ಮಕ್ಕಳಾದ ಮೇಲೂ ಹೆಸರು ಬದಲಾಗಲಿಲ್ಲ. ಸಭಾಂಗಣದ ಬೀಗ, ದೀಪ, ಪರದೆ ಎಲ್ಲವೂ ಅವರ ವಶದಲ್ಲಿದ್ದವು. ಅವರ ಜೀವ ಇದ್ದದ್ದು ಮಾತ್ರ ಕುರ್ಚಿಗಳಲ್ಲಿ. ಮರದ ಚೌಕಟ್ಟು, ಬೆತ್ತ ಹೆಣೆದ ಆಸನ. ಕೂತರೆ ಎಂಥ ದಢೂತಿ ಆಳನ್ನಾದರೂ ತಾಳಿಕೊಳ್ಳುತ್ತಿತ್ತು. ಹತ್ತಿ ನಿಂತರೆ ಮಾತ್ರ ಹಿಮ್ಮಡಿ ಬೆತ್ತ ಸೀಳಿಕೊಂಡು ನೇರವಾಗಿ ಕೆಳಗಿಳಿಯುತ್ತಿತ್ತು. ಹರಿದ ಆಸನವನ್ನು ಮಾವ ತಾವೇ ಹೆಣೆಯುತ್ತಿದ್ದರು. ಬೆತ್ತದ ಸೀಳುಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಅವು ಮೆತ್ತಗಾದ ಮೇಲೆ ಕುರ್ಚಿಯನ್ನು ಎಳೆಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದರು. ಶಾಲೆಯ ಕಾರ್ಯಕ್ರಮಕ್ಕೆ ಸಭಾಂಗಣ ಕೇಳಲು ನಾನು ಹೋದಾಗಲೆಲ್ಲ ಅವರ ಮೊದಲ ಪ್ರಶ್ನೆ ಒಂದೇ: “ಮಕ್ಕಳು ಕೂರ್ತಾರಾ ಮೇಷ್ಟ್ರೇ, ಕುಣೀತಾರಾ?”

ಸಭಾಂಗಣದ ಹಿಂಬದಿಯಲ್ಲಿ ಎರಡು ಕೋಣೆಗಳಿದ್ದವು. ಕೆಲಸದ ಜೊತೆಗೆ ಬಂದ ಆ ಕೋಣೆಗಳಲ್ಲಿ ಮಾವ, ಅವರ ಹೆಂಡತಿ ಮತ್ತು ಒಬ್ಬಳೇ ಮಗಳು ವಾಸವಾಗಿದ್ದರು. ಮಗಳು ನನ್ನ ವಿದ್ಯಾರ್ಥಿನಿ. ತರಗತಿಯಲ್ಲಿ ಎರಡು ಪೆನ್ಸಿಲ್ ಹಿಡಿದು ಬೆಂಚು ಬಡಿಯುತ್ತಿದ್ದಳು. ದೊಡ್ಡವಳಾಗಿ ಟೆಲಿಫೋನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸ್ವಂತ ದುಡಿಮೆಯಲ್ಲಿ ಡ್ರಮ್ಮುಗಳನ್ನು ಕೊಂಡಳು. ಫ್ಯಾನು ರಿಪೇರಿ ಮಾಡುವ, ಬಹಳ ಎತ್ತರದ ಕಾರಣ ಬಿದಿರು ಎಂದು ಕರೆಸಿಕೊಳ್ಳುತ್ತಿದ್ದ ಗೆಳೆಯ ಅವಳ ಗುಂಪಿನ ಹಾಡುಗಾರ. ಗಿಟಾರು ನುಡಿಸುವವರು ಇನ್ನಿಬ್ಬರು.

ಅವರ ಮೊದಲ ಕಾರ್ಯಕ್ರಮ ನಮ್ಮ ಸಭಾಂಗಣದಲ್ಲೇ ನಡೆಯಿತು. ಬಿದಿರು ಜಿಗಿದ. ಅದನ್ನು ನೋಡಿ ಜನ ಎದ್ದರು. ಹಿಂದಿನವರಿಗೆ ಕಾಣಲಿಲ್ಲವೆಂದು ಅವರು ಕುರ್ಚಿ ಹತ್ತಿದರು. ಕಾರ್ಯಕ್ರಮ ಮುಗಿದಾಗ ಒಂದು ಸಾಲಿನ ಕುರ್ಚಿಗಳಿಗೆ ಆಸನಗಳೇ ಇರಲಿಲ್ಲ.

ಮಾರನೆಯ ದಿನ ಸಭಾಂಗಣದ ಸಮಿತಿಯ ಕಾರ್ಯದರ್ಶಿಗಳು ಬಂದರು. ಅವರದು ಔಷಧದ ಅಂಗಡಿ. ಮಾತೂ ಗುಳಿಗೆಯಂತೆ, ಚಿಕ್ಕದು ಮತ್ತು ಕಹಿ.

“ಇನ್ನೊಂದೇ ಒಂದು ಕುರ್ಚಿ ಈ ಸಂಗೀತಕ್ಕೆ ಹರೀಲಿ, ಕೋಣೆ ಖಾಲಿ ಮಾಡಿ. ಬೇರೆ ಕಾವಲುಗಾರರನ್ನ ನೋಡ್ಕೋತೀವಿ.”

“ಆಗ್ಲಿ ಸಾರ್,” ಎಂದರು ಮಾವ.

ಕಾರ್ಯದರ್ಶಿಗಳು ಹೋದ ಮೇಲೆ ಹೆಂಡತಿ ಬಾಗಿಲ ಬಳಿ ನಿಂತು, “ಆಗ್ಲಿ ಅಂತೆ! ಮಗಳ ಡಬಡಬಕ್ಕೆ ಸೂರು ಕಳ್ಕೋಬೇಕಾ? ಬೇಡ ಅನ್ನಿ ಅವಳಿಗೆ,” ಎಂದರು.

“ಬೇಡ ಅಂದ್ರೆ ಬಿಟ್ಬಿಡ್ತೀನಮ್ಮ,” ಎಂದಳು ಮಗಳು. “ಬೇರೆ ಜಾಗ ಯಾರೂ ಕೊಡಲ್ಲ. ಡ್ರಮ್ ಮಾರ್ತೀನಿ.” ಹಾಗೆ ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಕೇಳದೆಯೇ ಅವಳು ಪಾತ್ರೆ ತೊಳೆದದ್ದು ಅದೇ ಮೊದಲು. ತಾಯಿ ತಂದೆ ಇಬ್ಬರಿಗೂ ಗಾಬರಿಯಾಯಿತು.

ಮಾವ ಮೊದಲು ಹರಿದ ಆಸನಗಳನ್ನೆಲ್ಲ ಹೆಣೆದು ಮುಗಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕದಲ್ಲಿದ್ದರು. ಆಮೇಲೆ ಗುಂಪನ್ನು ಕರೆಸಿದರು.

“ನುಡಿಸಿ. ಆದ್ರೆ ಯಾರೂ ಏಳೋ ಹಾಗಿಲ್ಲ.”

“ಕೇಳೋರು ತಾನೆ?” ಎಂದ ಬಿದಿರು.

“ಹಾಡೋರೂ. ನೀನು ಎದ್ರೆ ಅವ್ರು ಏಳ್ತಾರೆ. ಅವ್ರು ಎದ್ರೆ ಹತ್ತುತಾರೆ.”

“ಮಾವ, ಕೂತ್ಕೊಂಡು ರಾಕ್ ಹಾಡೋದು ಅಂದ್ರೆ ಮಲ್ಕೊಂಡು ಓಡಿದ ಹಾಗೆ.”

“ಮಲ್ಕೊಂಡೇ ಓಡಪ್ಪ, ಯಾರು ಬೇಡ ಅಂದ್ರು? ನೆಲದ ಮೇಲೆ ಓಡು.”

ಮಗಳು ನಕ್ಕಳು. ಡ್ರಮ್ ಬಾರಿಸುವವಳು ಮೊದಲಿನಿಂದಲೂ ಕೂತೇ ಬಾರಿಸುತ್ತಿದ್ದಳಾದ್ದರಿಂದ ಅಪ್ಪನ ನಿಯಮ ಅವಳನ್ನು ಮುಟ್ಟಲಿಲ್ಲ.

ಸಂಗೀತ ಬದಲಾದದ್ದು ಹೀಗೆ. ಕೂತಾಗ ಬಿದಿರಿನ ಮೊಣಕಾಲು ಎದೆಗೆ ಬರುತ್ತಿತ್ತು. ಉಸಿರು ಸಾಲದೆ ಅವನು ಹಾಡನ್ನು ತಗ್ಗಿಸಿ, ನಿಧಾನವಾಗಿ ಎಳೆದ. ಗಿಟಾರಿನವರು ಜಿಗಿಯುವಂತಿರಲಿಲ್ಲ, ಕಾಲಿನ ಸಿಟ್ಟನ್ನೆಲ್ಲ ತಂತಿಯ ಮೇಲೆ ತೀರಿಸಿದರು. ಜೊತೆಗೆ ಮಾವ ಇನ್ನೊಂದು ಕೆಲಸ ಮಾಡಿದ್ದರು. ಕುರ್ಚಿಗಳು ಅಲುಗದಿರಲೆಂದು ಪ್ರತಿ ಸಾಲನ್ನೂ ಹಗ್ಗದಿಂದ ಒಟ್ಟಿಗೆ ಬಿಗಿದಿದ್ದರು. ಹೀಗಾಗಿ ಸಾಲಿನ ಆ ತುದಿಯಲ್ಲಿ ಒಬ್ಬ ತಾಳಕ್ಕೆ ಕಾಲು ಕುಣಿಸಿದರೆ ಈ ತುದಿಯವನ ಬೆನ್ನು ನಡುಗುತ್ತಿತ್ತು. ಎಲ್ಲರೂ ಕಾಲು ಕುಣಿಸಿದಾಗ ಸಂಗೀತ ಕಿವಿಗಿಂತ ಮೊದಲು ಆಸನದಿಂದ ಬರುತ್ತಿತ್ತು. ಆ ಅನುಭವವನ್ನು ನನ್ನ ವಯಸ್ಸಿನವರು ಹೇಗೆ ವರ್ಣಿಸಬೇಕೋ ತಿಳಿಯದು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಂತೆ ಇತ್ತು, ಆದರೆ ಇಳಿಯಬೇಕೆನಿಸುತ್ತಿರಲಿಲ್ಲ.

ಹೆಸರು ಬಂದದ್ದು ಗೋಡೆ ಬರಹದಿಂದ. ಬಣ್ಣ ಬಳಿಯುವವನ ಹಿಂದೆ ಮಾವ ಖುದ್ದಾಗಿ ನಿಂತು ‘ಕುರ್ಚಿ’ ಎಂಬ ಪದವನ್ನು ಆಳೆತ್ತರ ಬರೆಸಿದರು. ಅದರ ಪಕ್ಕದಲ್ಲಿ ‘ಹತ್ತಬಾರದು, ಕೂತೇ ಕೇಳಬೇಕು’ ಎಂದು ಸಣ್ಣಗೆ ಬರೆಸಿದರು.

“ಮಾವ, ಗುಂಪಿನ ಹೆಸರಿಗೆ ಜಾಗ ಉಳೀಲಿಲ್ಲ,” ಎಂದ ಬಣ್ಣದವನು.

“ಹೆಸರು ಓದದಿದ್ರೆ ಯಾವ ಕುರ್ಚಿಯೂ ಹರಿಯಲ್ಲ. ಏನು ಕಾರ್ಯಕ್ರಮ ಅಂತ ಕೆಳಗೆ ಬರಿ, ಸಾಕು.”

ಅವನು ಕೆಳಗೆ ‘ರಾಕ್’ ಎಂದು ಬರೆದ. ಬೀದಿಯ ಆಚೆ ಬದಿಯಿಂದ ಕಾಣುತ್ತಿದ್ದದ್ದು ಆ ಎರಡೇ ಪದ. “ಕುರ್ಚಿ ರಾಕ್‌ಗೆ ಬರ್ತೀಯೇನೋ?” ಎಂದು ಜನ ಕೇಳಿಕೊಂಡರು. ಪತ್ರಿಕೆಯವರೂ ಹಾಗೇ ಅಚ್ಚು ಹಾಕಿದರು. ಪಕ್ಕದ ಊರಿನ ಗುಂಪೊಂದು, ತಮಗೆ ಯಾವ ಕಾವಲುಗಾರನ ಕಾಟವೂ ಇಲ್ಲದಿದ್ದರೂ, ಕುರ್ಚಿ ತರಿಸಿಕೊಂಡು ಹಗ್ಗ ಕಟ್ಟಿಕೊಂಡು ಕೂತಿತು.

ಹೆಸರು ಬೆಳೆದ ಮೇಲೆ ಆ ಗುಂಪೇ ಮಾವನ ಮಗಳ ಗುಂಪಿನ ಜೊತೆ ನುಡಿಸಲು ಒಂದು ಭಾನುವಾರ ಸಂಜೆ ನಮ್ಮಲ್ಲಿಗೆ ಬಂತು. ಸಭಾಂಗಣ ತುಂಬಿ ತುಳುಕಿತು. ಪತ್ರಿಕೆಯ ಛಾಯಾಗ್ರಾಹಕ ಬರುತ್ತಾನೆಂದು ತಿಳಿದು ಕಾರ್ಯದರ್ಶಿಗಳೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಮಾವ ಬಾಗಿಲ ಬಳಿ ನಿಂತಿದ್ದರು. ಅವರ ಹೆಂಡತಿ ಅಂದು ಮಧ್ಯಾಹ್ನವೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಟ್ಟಿದ್ದರಂತೆ. “ಇಷ್ಟು ಜನರಲ್ಲಿ ಒಬ್ಬ ಹತ್ತದೇ ಇರ್ತಾನಾ?” ಎಂಬುದು ಆಕೆಯ ವಾದ. ವಾದ ತಪ್ಪಾಗಿರಲಿಲ್ಲ.

ಮಗಳು ಒಬ್ಬಳೇ ಬಾರಿಸುವ ಭಾಗ ಬಂತು. ಸಾಲುಗಳು ನಡುಗಿದವು. ಆಗ ನಮ್ಮ ಸಾಲಿನಲ್ಲಿ ಚರ್ ಎಂದಿತು. ನೋಡುತ್ತೇನೆ, ಕಾರ್ಯದರ್ಶಿಗಳು ಕುರ್ಚಿಯ ಮೇಲೆ ನಿಂತಿದ್ದಾರೆ. ಬಲಗಾಲು ಮೊಣಕಾಲಿನವರೆಗೆ ಆಸನದೊಳಗಿದೆ. ಹಿಂದೆ ಯಾರಾದರೂ ನಿಯಮ ಮೀರಿ ಎದ್ದಿದ್ದಾರೆಯೇ ಎಂದು ನೋಡಲು ಹತ್ತಿದ್ದೆಂದು ಅವರು ಈಗಲೂ ಹೇಳುತ್ತಾರೆ. ಪಕ್ಕದಲ್ಲಿದ್ದ ನಾನು ಹೇಳಬಲ್ಲದ್ದು ಇಷ್ಟೇ: ಹತ್ತುವಾಗ ಅವರು ಚಪ್ಪಾಳೆ ತಟ್ಟುತ್ತಿದ್ದರು, ಮುಖ ವೇದಿಕೆಯ ಕಡೆಗಿತ್ತು.

ಮಾವ ಸದ್ದಿಲ್ಲದೆ ಬಂದರು.

“ಸಾರ್, ಕೂತ್ಕೊಳ್ಳಿ.”

“ಆಗ್ತಿಲ್ಲ ಕಣಯ್ಯಾ.”

“ಕಾಲು ತೆಗೀರಿ.”

“ಅದೂ ಆಗ್ತಿಲ್ಲ.”

ಮಾವ ಮಂಡಿಯೂರಿ, ಬೆತ್ತವನ್ನು ಒಂದೊಂದೇ ಎಳೆಯಾಗಿ ಬಿಡಿಸತೊಡಗಿದರು. ಕತ್ತರಿಸಿದ್ದರೆ ಬೇಗ ಆಗುತ್ತಿತ್ತು. ಅವರಿಗೆ ಮನಸ್ಸು ಬರಲಿಲ್ಲ. ಒಂದಿಡೀ ಹಾಡು ಮುಗಿಯುವವರೆಗೆ ಕಾರ್ಯದರ್ಶಿಗಳು ಸಭೆಯ ನಡುವೆ, ಎಲ್ಲರಿಗೂ ಕಾಣುವಂತೆ, ಒಬ್ಬರೇ ನಿಂತಿದ್ದರು. ಛಾಯಾಗ್ರಾಹಕ ತನ್ನ ಕೆಲಸ ಮಾಡಿದ.

ಬೆಳಿಗ್ಗೆ ಕಾರ್ಯದರ್ಶಿಗಳು ಕುಂಟುತ್ತ ಸಭಾಂಗಣಕ್ಕೆ ಬಂದಾಗ ನಾನೂ ಅಲ್ಲಿದ್ದೆ. ಗೋಣಿಚೀಲಗಳು ಬಾಗಿಲಲ್ಲಿದ್ದವು.

“ಇದೇನು ಚೀಲ?”

“ಕೋಣೆ ಖಾಲಿ ಮಾಡ್ತಿದೀವಿ ಸಾರ್,” ಎಂದರು ಮಾವ. “ಒಂದು ಕುರ್ಚಿ ಹರೀತಲ್ಲ. ನೀವೇ ಹೇಳಿದ್ರಿ.”

ಆ ಮುಖದಲ್ಲಿ ವ್ಯಂಗ್ಯದ ಗೆರೆಯೂ ಇರಲಿಲ್ಲ. ಮಾತೆಂದರೆ ಮಾತು ಎಂದೇ ಅವರು ನಂಬಿದ್ದರು.

ಕಾರ್ಯದರ್ಶಿಗಳು ನನ್ನನ್ನು ನೋಡಿದರು. ನಾನು ಕಿಟಕಿಯನ್ನು ನೋಡಿದೆ.

“ಸಂಗೀತಕ್ಕೆ ಹರಿದ್ರೆ ಅಂದಿದ್ದೆ,” ಎಂದರು ಕೊನೆಗೆ. “ಇದು ಸಂಗೀತಕ್ಕೆ ಹರಿದದ್ದಲ್ಲ. ಮೇಲ್ವಿಚಾರಣೆಗೆ ಹರಿದದ್ದು.”

“ಹಾಗಾದ್ರೆ ಇನ್ನು ಮುಂದೆ?”

“ಮುಂದೇನೂ ಇಲ್ಲ. ಆ ಷರತ್ತೇ ಇಲ್ಲ ಅಂದ್ಕೋ. ಚೀಲ ಒಳಗಿಡು, ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು?”

ಅವರು ಹೋದ ಮೇಲೆ ಮಾವನ ಹೆಂಡತಿ ಚೀಲದಿಂದ ಪಾತ್ರೆಗಳನ್ನು ತೆಗೆಯಲಿಲ್ಲ; ಮೊದಲು ಸುತ್ತಿಗೆ ಕೇಳಿದರು.

“ಯಾಕೆ?”

“ಇಷ್ಟು ವರ್ಷ ಕನ್ನಡಿ ಕಿಟಕಿಗೆ ಒರಗಿಸಿಟ್ಟು ತಲೆ ಬಾಚಿದ್ದಾಯ್ತು. ಗೋಡೆಗೊಂದು ಮೊಳೆ ಹೊಡೀರಿ.”

“ಗೋಡೆ ಸಮಿತಿದು ಕಣೇ.”

“ಸಮಿತಿಯ ಕಾಲು ಈಗ ತಾನೆ ಕುಂಟ್ಕೊಂಡು ಹೋಯ್ತಲ್ಲ. ಹೊಡೀರಿ.”

ಮಾವ ಕೋಣೆಯೊಳಗೆ ಹೋಗಿ, ಹೆದರಿ ಹೆದರಿ ಮೊಳೆ ಹೊಡೆಯತೊಡಗಿದರು. ಎರಡು ಪೆಟ್ಟು, ಒಂದು ನಿಲುಗಡೆ, ಮತ್ತೆ ಒಂದು ಪೆಟ್ಟು. ಪಕ್ಕದ ಕೋಣೆಯಿಂದ ಮಗಳ ಧ್ವನಿ ಬಂತು: “ತಾಳ ತಪ್ತಿದೆ ಅಪ್ಪ, ಇನ್ನೂ ಜೋರಾಗಿ!”