ಜೂನ್ ತಿಂಗಳಲ್ಲಿ ಹೋದ ಬೋಟು

ಶಿವರಾತ್ರಿ ಕಳೆದ ವಾರ. ಕಮಲಾಪುರದ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಕಲಬುರಗಿಯ ಬಸ್ಸಿಗೆ ಕಾಯುತ್ತಿದ್ದೆ. ಕೈಯಲ್ಲಿ ಅಪ್ಪನಿಗೆಂದು ಕೊಂಡ ಕೆಂಪು ಬಾಳೆಹಣ್ಣು. ಊರಿನಿಂದ ಅಣ್ಣನ ಫೋನು ಬಂತು.

"ಹಳೇ ಬೋಟನ್ನು ನಾಳೆ ಒಡೆಸುತ್ತಿದ್ದೇವೆ. ಹಲಗೆಯೆಲ್ಲ ಕೊಳೆತಿದೆ, ನೀರು ಒಳಗೆ ಬರುವುದು ನಿಲ್ಲುವುದೇ ಇಲ್ಲ. ಅಪ್ಪನಿಗೆ ಮಾತ್ರ ಹೇಳಬೇಡ ಮಾರಾಯ್ತಿ."

ನಾನು ಹೂಂ ಅಂದೆ. ಹಾಗೆ ಅಂದದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ನನ್ನ ತವರು ಕರಾವಳಿ. ಮೀನು ಹಿಡಿಯುವ ಮೂರು ಟ್ರಾಲ್ ಬೋಟುಗಳಿದ್ದ ಮನೆ. ಬಲೆ ಹೊಲಿಯುವವರು ನಾವೇ, ಅದರ ಪಕ್ಕದಲ್ಲೇ ಕೂತು ಜಗಳವಾಡುವವರೂ ನಾವೇ. ಎರಡನ್ನು ಅಪ್ಪನೇ ಮುಂದೆ ನಿಂತು ಮಾರಿದ್ದರು. ಉಳಿದದ್ದು ಮೊದಲನೆಯದು, ಪ್ರಾಯದಲ್ಲಿ ಬಡಗಿಗಳ ಜೊತೆ ತಿಂಗಳುಗಟ್ಟಲೆ ಕೂತು ಕಟ್ಟಿಸಿದ ಮರದ ಬೋಟು. ನಮ್ಮ ಜ್ವರಕ್ಕೆ ಕಷಾಯ ಕುಡಿಸುವುದು ಅಮ್ಮನ ಪಾಲಿಗೆ. ಆ ಬೋಟಿನ ಎಂಜಿನ್ ಕೆಮ್ಮಿದರೆ ಮಾತ್ರ ಅಪ್ಪ ಊಟ ಬಿಡುತ್ತಿದ್ದರು. ಅಮ್ಮ ಹೋದ ಮೇಲೆ ಅವರಿಗೆ ಲಕ್ವ ಹೊಡೆದು ಎಡಗಾಲು ಎಳೆಯತೊಡಗಿತು. ನಾನೇ ಹಟ ಮಾಡಿ ಕಲಬುರಗಿ ಹತ್ತಿರದ ಶರಣಸಿರಸಗಿಯ ಗಂಡನ ಮನೆಗೆ ಕರೆತಂದೆ.

ದಿನಾ ಸಂಜೆ ಅವರದು ಒಂದೇ ಪ್ರಶ್ನೆ. "ಬೋಟು ಬಂತಾ?"

"ಹೋಗಿದೆ ಅಪ್ಪ. ಹತ್ತು ದಿನ ಬಿಟ್ಟು ಬರುತ್ತದೆ," ಅನ್ನುತ್ತಿದ್ದೆ. ಟ್ರಾಲ್ ಬೋಟು ಒಮ್ಮೆ ಹೋದರೆ ಹತ್ತು ದಿನ ಕಡಲಲ್ಲೇ ಇರುತ್ತದೆ. ಹಾಗಾಗಿ ನನ್ನ ಸುಳ್ಳಿಗೂ ಹತ್ತು ದಿನದ ಬಾಳಿಕೆಯಿತ್ತು. ಅಪ್ಪ ಕೇಳಿದ್ದನ್ನೇ ಕೇಳುತ್ತಾರೆ, ಮರೆವು ಶುರುವಾಗಿದೆ ಎಂದುಕೊಂಡೆ.

ಅತ್ತೆಗೆ ಇದನ್ನು ನೋಡಲಾಗಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ, "ಖರೇ ಏನದ ಹೇಳಿಬಿಡವಾ. ಗಟ್ಟಿ ಮನಷ್ಯಾ ಅದಾರ, ತಡಕೋತಾರ," ಎಂದರು.

"ಹೇಳ್ತೀನ್ರೀ ಅತ್ತಿ, ಇನ್ನಷ್ಟ್ ಆರಾಮ ಆಗ್ಲಿ," ಎಂದು ಜಾರಿಕೊಂಡೆ.

ಬೇಸಿಗೆ ರಜೆ ಹೀಗೇ ಕಳೆಯಿತು. ಶಾಲೆ ಮತ್ತೆ ತೆರೆದ ಮೇಲೆ ಒಂದು ಸಂಜೆ ಮಳೆಯಲ್ಲಿ ತೊಯ್ದು ಮನೆಗೆ ಬಂದೆ.

"ಬೋಟು ಬಂತಾ?"

"ಹೋಗಿದೆ ಅಪ್ಪ. ಹತ್ತು ದಿನ ಬಿಟ್ಟು ಬರುತ್ತದೆ."

ಅವರು ತಮ್ಮ ಹೆಗಲ ಟವೆಲು ತೆಗೆದು ನನಗೆ ಕೊಟ್ಟರು. "ತಲೆ ಒರೆಸಿಕೋ. ಜೂನ್ ತಿಂಗಳಲ್ಲಿ ಯಾವ ಬೋಟು ಹೋಗುವುದು ಮಾರಾಯ್ತಿ?"

ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರದ ನಿಷೇಧ. ನಮ್ಮ ಮನೆಯಲ್ಲಿ ಇನ್ನೂ ಶಾಲೆಗೆ ಹೋಗದ ಮಗುವಿಗೂ ಗೊತ್ತಿದ್ದ ಸಂಗತಿ. ಅದೇ ಮನೆಯಲ್ಲಿ ಹುಟ್ಟಿದ ನಾನು ಬಾಯಿಪಾಠ ಒಪ್ಪಿಸಿದ ಹಾಗೆ ಬೋಟು ಕಳಿಸಿಬಿಟ್ಟಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಒಡೆದದ್ದು ಶಿವರಾತ್ರಿ ಆದ ಮೇಲಲ್ಲವಾ?" ಎಂದರು.

"ನಿಮಗೆ ಯಾರು ಹೇಳಿದರು?"

"ಯಾರು ಹೇಳಬೇಕು? ಆ ವಾರದಿಂದ ನಿನ್ನ ಅಣ್ಣ ಫೋನಿನಲ್ಲಿ ಡೀಸೆಲ್ ರೇಟಿಗೆ ಬೈಯುವುದನ್ನೇ ಬಿಟ್ಟ."

ನನಗೆ ಅಳು ಬಂತು, ಜೊತೆಗೆ ರೇಗಿಯೂ ಹೋಯಿತು. "ಗೊತ್ತಿದ್ದೂ ದಿನಾ ಯಾಕೆ ಕೇಳುತ್ತಿದ್ದಿರಿ?"

ಅಪ್ಪ ಎಡಗಾಲು ನೀವಿಕೊಂಡರು.

"ನೀನಾದರೂ ಹೇಳುತ್ತೀ ಅಂತ," ಎಂದರು.